ಕಲ್ಲು ತೋರಿಸಿದವರಿಗೆ ಬೇಳೆ ಪುಕ್ಕಟೆ

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಬೇಳೆ ಅಂಗಡಿಗಳಿಗೇನು ಬರವಿಲ್ಲ. ಆದರೆ ಊರಿಗೆಲ್ಲ ಸವಾಲು ಹಾಕಿ ಕೂತ ಅಂಗಡಿ ಒಂದೇ, ಅದು ಗುಲ್ಬರ್ಗಾದ ಶಾಂತಪ್ಪ ಸಾವುಕಾರರದು. ಅಂಗಡಿಯ ನೆತ್ತಿಯ ಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಲಿಪಿಗಳಲ್ಲಿ ಕೆಂಪು ಬೋರ್ಡು: ‘ನಮ್ಮ ಮಾಲಿನಲ್ಲಿ ಕಲ್ಲು ತೋರಿಸಿದವರಿಗೆ ಒಂದು ಚೀಲ ಬೇಳೆ ಪುಕ್ಕಟೆ.’ ಬೋರ್ಡು ಏರಿ ಎಷ್ಟೋ ವರ್ಷವಾಗಿ ಕೆಂಪು ಬಣ್ಣ ಕಾವಿಗೆ ತಿರುಗಿತ್ತು. ಚೀಲ ಮಾತ್ರ ಒಂದೂ ಪುಕ್ಕಟೆ ಹೋಗಿರಲಿಲ್ಲ. ತೊಗರಿಬೇಳೆ ಮೂರು ಸಲ ಜರಡಿ ಹಿಡಿಸಿಕೊಂಡು, ಮೊರದಲ್ಲಿ ಕೇರಿಸಿಕೊಂಡು, ಕೊನೆಗೆ ಶಾಂತಪ್ಪನವರ ಕನ್ನಡಕದ ಕೆಳಗೆ ಹಾದು ಬಂದರೇನೇ ಅದಕ್ಕೆ ಗಿರಾಕಿಯ ಮುಖ ನೋಡುವ ಭಾಗ್ಯ.

ಇಂಥ ಶಾಂತಪ್ಪನವರಿಗೆ (ನಿಮಗೆ ಮಾತ್ರ ಹೇಳುತ್ತೇನೆ, ಹೊರಗೆ ಬಿಡಬೇಡಿ) ಕಿಡ್ನಿಯಲ್ಲಿ ಕಲ್ಲು ಬಂತು.

ಬಂದದ್ದಾದರೂ ಮನೆಯಲ್ಲಿ, ಹಾಸಿಗೆಯಲ್ಲಿ ಬಂತೇ? ಇಲ್ಲ. ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಗಾದಿಯ ಮೇಲೆ ಕೂತು ಯಾರೋ ಗಿರಾಕಿಗೆ ತಮ್ಮ ಬೇಳೆಯ ಸ್ತೋತ್ರ ಹೇಳುತ್ತಿದ್ದಾಗ ಬಂತು. ಬೆನ್ನಿನ ಬಲಮಗ್ಗುಲಲ್ಲಿ ಯಾರೋ ಗೂಟ ಹೊಡೆದಂತಾಯಿತು. ಆ ಗೂಟ ಹಾಗೇ ಹೊಟ್ಟೆಯನ್ನು ಸುತ್ತಿ ಕೆಳಗಿಳಿಯಿತು. ಸಾವುಕಾರರು ಗಾದಿಯಿಂದ ಉರುಳಿ ಹೆಸರುಬೇಳೆ ಚೀಲಗಳ ಮೇಲೆ ಬಿದ್ದು ಹೊರಳಾಡಿದರು. ಹಮಾಲಿ ನರಸಿಂಹ ಮೂಟೆ ಇಳಿಸಿ ‘ಏಮೈಂದಿ ಸೇಟ್, ಏನಾತು’ ಎಂದು ಓಡಿಬಂದ. ಎದುರು ಅಂಗಡಿಯ ವೈಜನಾಥ ಕುತ್ತಿಗೆ ಉದ್ದ ಮಾಡಿ ನೋಡಿದ. ಅಷ್ಟು ನೋವಿನಲ್ಲೂ ಶಾಂತಪ್ಪನವರಿಗೆ ವೈಜನಾಥ ನೋಡಿದ್ದು ಕಂಡಿತು.

“ಗ್ಯಾಸ್,” ಎಂದರು ಹಲ್ಲು ಕಚ್ಚಿ. “ಬರೇ ಗ್ಯಾಸ್.”

(ವೈಜನಾಥ ಬೀದರ್ ಕಡೆಯವನು, ಅವನದೂ ಬೇಳೆ ವ್ಯಾಪಾರವೇ. ವಯಸ್ಸಿನಲ್ಲಿ ಶಾಂತಪ್ಪನವರ ಓರಗೆಯವನಾದರೂ ಶಾಂತಪ್ಪನವರ ಪ್ರಕಾರ ಅವನಿಗೆ ಬಹುವಚನ ಸಲ್ಲುವುದಿಲ್ಲ. ಸದ್ಯಕ್ಕೆ ನಾವೂ ಅವರ ಪಕ್ಷವನ್ನೇ ಹಿಡಿಯೋಣ.)

ರಾಯಚೂರು ಕಡೆಯಿಂದ ಬಂದು ಊರಲ್ಲೇ ದವಾಖಾನೆ ಇಟ್ಟಿದ್ದ ಡಾಕ್ಟರ್ ಅಮರೇಶಪ್ಪನವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಡೆ ಶಾಂತಪ್ಪನವರು, ಇನ್ನೊಂದು ಕಡೆ ಅವರ ಧರ್ಮಪತ್ನಿ ಶಿವದೇವಿ.

“ಬಲಗಡೆ ಒಂದು ಸಣ್ಣ ಹರಳು ಕೆಳಗ ಇಳಿಯಾಕತ್ತೈತಿ. ಎಡಗಡೆ ಇನ್ನೊಂದು ಸುಮ್ಮನ ಮಲಗೇತಿ.”

ಎಡಗಡೆಯ ಮಾತನ್ನು ಶಾಂತಪ್ಪನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಬಲಗಡೆಯದೇ ಸಾಕುಬೇಕಾಗಿತ್ತು.

“ಡಾಕ್ಟರ್ ಸಾಹೇಬ್ರ, ನಾವು ಮನ್ಯಾಗೂ ನಮ್ಮ ಅಂಗಡಿ ಬ್ಯಾಳೀನ ತಿಂತೀವಿ. ಅದರಾಗ ಕಲ್ಲು ಇರಂಗಿಲ್ಲ. ಮತ್ತ ಇದು ಎಲ್ಲಿಂದ ಬಂತ್ರಿ?”

“ತಿಂದ ಕಲ್ಲು ಕಿಡ್ನಿಗೆ ಹೋಗಂಗಿಲ್ರಿ, ಅದರ ರಸ್ತಾನ ಬ್ಯಾರೆ. ಇದು ಒಳಗ ಹುಟ್ಟಿದ್ದು. ದಿನಕ್ಕ ನೀರು ಎಷ್ಟು ಕುಡೀತೀರಿ?”

ಉತ್ತರ ಶಿವದೇವಿಯಿಂದ ಬಂತು. “ಅಂಗಡಿಗೆ ತುಂಬಿ ಕೊಟ್ಟ ನೀರಿನ ಡಬ್ಬಿ ಹಂಗ ವಾಪಸ್ ಬರ್ತೈತ್ರಿ. ನಾ ಅದನ್ನ ಮಲ್ಲಿಗಿ ಗಿಡಕ್ಕ ಹಾಕ್ತೀನಿ. ಗಿಡ ಭಾಳ ಚಲೋ ಬಂದೈತಿ.”

ಡಾಕ್ಟರು ನಕ್ಕರು. “ಅದಕ್ಕ ನೋಡ್ರಿ ಗಿಡಕ್ಕ ಕಲ್ಲಿಲ್ಲ, ನಿಮಗೈತಿ. ನೀರು ಕಾಸೋ ಹಂಡೇದ ತಳಕ್ಕ ಬೆಳ್ಳಗ ಪದರು ಕಟ್ತೈತಲ್ಲ, ಹಂಗ ಇದು. ನೀರು ಭಾಳ ಇದ್ರ ಉಪ್ಪು, ಸುಣ್ಣ ಎಲ್ಲಾ ಕರಗಿ ಹೊರಗ ಹೋಗ್ತಾವು. ನೀರು ಕಡಿಮಿ ಬಿತ್ತಂದ್ರ ಒಂದಕ್ಕೊಂದು ಹತ್ತಿ ಗಟ್ಟಿ ಆಗ್ತಾವು. ಈ ಬ್ಯಾಸಿಗ್ಯಾಗ ಬೆವರು ಬ್ಯಾರೆ.”

ಆಮೇಲೆ ಅಪ್ಪಣೆಗಳು ಹೊರಟವು. ಒಂದಕ್ಕೆ ಹೋದಾಗ ನೀರು ನೀರಿನ ಬಣ್ಣದಲ್ಲೇ ಹೋಗುವಷ್ಟು ಕುಡಿಯಬೇಕು. ಲಿಂಬೆಹಣ್ಣಿನ ಶರಬತ್ತು ಒಳ್ಳೆಯದು. ಉಪ್ಪು, ಉಪ್ಪಿನಕಾಯಿಗೆ ಕಡಿವಾಣ. ಪಾಲಕ್ ಮತ್ತು ಪುಂಡಿಪಲ್ಲೆ ಅಪರೂಪಕ್ಕೆ. ಹಾಲು ಮೊಸರಿನಲ್ಲಿ ಸುಣ್ಣವಿದೆ ಎಂದು ಹೆದರಿ ಬಿಟ್ಟರೆ ಉಲ್ಟಾ ಆಗುತ್ತದೆ, ಬಿಡಬಾರದು.

“ಮುಖ್ಯ ಮಾತು. ಒಂದಕ್ಕ ಹೋಗುವಾಗ ಜಾಳಿಗಿ ಹಿಡೀರಿ. ಕಲ್ಲು ಬಿದ್ರ ಬಿಡಬ್ಯಾಡ್ರಿ, ತಗೊಂಡು ಬರ್ರಿ. ಯಾವ ಜಾತಿ ಕಲ್ಲು ಅಂತ ಗೊತ್ತಾದ್ರ ಎಡಗಡೇದು ಬೆಳೀದಂಗ ಏನು ಮಾಡಬೇಕಂತ ಹೇಳಬಹುದು. ಇಲ್ಲಂದ್ರ ಕತ್ತಲ್ಯಾಗ ಕಲ್ಲು ಒಗದಂಗ ಆಗ್ತೈತಿ.”

ಆಟೋದಲ್ಲಿ ಮನೆಗೆ ಬರುವಾಗ ಶಾಂತಪ್ಪನವರು ಹೆಂಡತಿಯ ಕೈ ಹಿಡಿದು ಆಣೆ ಮಾಡಿಸಿಕೊಂಡರು. ಸುದ್ದಿ ಹೊರಗೆ ಬೀಳಬಾರದು.

“ಯಾಕ್ರಿ, ಕದ್ದು ತಂದ್ರೇನು ಕಲ್ಲು?”

ವಿಷಯ ಹೀಗಿತ್ತು. ಕಲ್ಲು ಬೆರೆತ ಬೇಳೆ ತಿಂದರೆ ಆ ಕಲ್ಲೇ ಹೋಗಿ ಕಿಡ್ನಿಯಲ್ಲಿ ಕೂತುಕೊಳ್ಳುತ್ತದೆ ಎಂದು ಇಡೀ ಬಜಾರು ನಂಬಿತ್ತು. ಹಾಗೆ ನಂಬಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಶಾಂತಪ್ಪನವರು. ಬಂದ ಬಂದ ಗಿರಾಕಿಗೆಲ್ಲ ಎದುರು ಅಂಗಡಿಯ ಕಡೆ ಹುಬ್ಬು ಹಾರಿಸಿ, ‘ಹೋಗ್ರಿ, ಅಲ್ಲೂ ತಗೋಬಹುದು, ಆದ್ರ ಮುಂದ ಕಿಡ್ನ್ಯಾಗ ಕಲ್ಲು ಕೂತ್ರ ನನ್ನ ಕೇಳಬ್ಯಾಡ್ರಿ’ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಈಗ ಆ ಮಾತು ಊರೆಲ್ಲ ಸುತ್ತಿ, ಹಸಿದುಕೊಂಡು ಮನೆಗೆ ಬಂದಿತ್ತು.

ಅದರ ಮೇಲೆ ಯುಗಾದಿ ಹತ್ತಿರ. ಕನ್ನಡ ಸಂಘದ ಯುಗಾದಿ ಊಟದ ಹೊಣೆ ಸಿಕಂದರಾಬಾದಿನ ಮಂದಾಕಿನಿ ಬಾಯಿಯವರದು. ಹೋದ ವರ್ಷ ಎಲ್ಲಿಂದಲೋ ತಂದ ಬೇಳೆಯ ಹೂರಣದಲ್ಲಿ ಕಲ್ಲು ಸಿಕ್ಕು ಸಂಘದ ಕಾರ್ಯದರ್ಶಿಯ ಹಲ್ಲು ಹೋಳಿಗೆಯ ಜೊತೆಗೇ ಹೊರಬಂದಿತ್ತು. ಈ ವರ್ಷ ಬಾಯಿಯವರು ಖುದ್ದಾಗಿ ಬಂದು ನಮೂನೆ ನೋಡಿ ಬೇಳೆ ಒಯ್ಯುವವರಿದ್ದರು. ಅವರು ಒಪ್ಪಿದರೆ ಹೈದರಾಬಾದಿನ ಕನ್ನಡದ ಮನೆಮನೆಗೂ ಶಾಂತಪ್ಪನವರ ಬೇಳೆ ನುಗ್ಗಿದ ಹಾಗೆಯೇ. ಬೇಳೆಯವನ ಹೊಟ್ಟೆಯಲ್ಲೇ ಕಲ್ಲಿದೆ ಎಂದು ಆ ಹೆಂಗಸಿಗೆ ಗೊತ್ತಾದರೆ ಮುಗಿಯಿತು.

ಶಿವದೇವಿ ಆಣೆ ಇಟ್ಟಂತೆ ಬಾಯಿ ಮುಚ್ಚಿಕೊಂಡರು. ಆದರೆ ಒಲೆಯ ಬಾಯಿ ತೆರೆದರು. ಬೆಳಿಗ್ಗೆ ಬಾರ್ಲಿ ಗಂಜಿನೀರು, ಮಧ್ಯಾಹ್ನ ಹುರುಳಿಕಟ್ಟಿನ ಸಾರು, ಮೂರೂ ಹೊತ್ತು ಬಾಳೆದಿಂಡು.

“ದಿಂಡಿನ ಪಲ್ಯ, ದಿಂಡಿನ ಕೋಸಂಬರಿ, ದಿಂಡಿನ ರಸ. ಡಾಕ್ಟರು ಹೇಳಿದ್ದು ನೀರು. ದಿಂಡಿನ ಹೆಸರ ಎತ್ತಿಲ್ಲ. ನನ್ನೇನು ಆನಿ ಅಂದ್ಕೊಂಡಿ?” ಎಂದರು ಶಾಂತಪ್ಪನವರು ಮೂರನೆಯ ದಿನ.

“ಆನಿಗೆ ಕಲ್ಲು ಬಂದದ್ದು ಎಲ್ಯಾರ ಕೇಳೀರೇನು?”

“ಹುರುಳಿ ಎತ್ತಿಗೆ ಹಾಕ್ತಾರ.”

“ಎತ್ತು ನೀರರ ಕುಡೀತೈತಿ. ನೀವು ಅದನ್ನೂ ಮಾಡಂಗಿಲ್ಲ.”

ನೀರು ಕುಡಿಯದಿರುವುದಕ್ಕೆ ಶಾಂತಪ್ಪನವರಿಗೆ ಕಾರಣವಿತ್ತು. ಅದನ್ನು ಅವರು ಡಾಕ್ಟರಿಗೂ ಹೇಳಿರಲಿಲ್ಲ. ಕುಡಿದ ನೀರು ಹೊರಗೆ ಹೋಗಬೇಕಲ್ಲ? ಆ ಓಣಿಗೆಲ್ಲ ಸಂಡಾಸು ಇದ್ದದ್ದು ಒಂದೇ, ವೈಜನಾಥನ ಗುದಾಮಿನ ಹಿಂದೆ. ಅದಕ್ಕೆ ಬೀಗ. ಆ ಬೀಗದ ಕೀಲಿಕೈ ವೈಜನಾಥನ ಗಾದಿಯ ಹಿಂದಿನ ಮೊಳೆಯಲ್ಲಿ, ಅವನ ತಲೆಯ ಮೇಲೆಯೇ ತೂಗಾಡುತ್ತಿತ್ತು. ಓಣಿಯ ಉಳಿದವರೆಲ್ಲ ಹೋಗಿ ಕೇಳುತ್ತಿದ್ದರು. ಶಾಂತಪ್ಪನವರು ಕೇಳಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ಬಂದರೆ, ಮತ್ತೆ ದ್ರವಪದಾರ್ಥದ ಸಹವಾಸ ರಾತ್ರಿ ಮನೆಗೆ ಹೋದ ಮೇಲೆಯೇ. ಮಾನ ಉಳಿಸಿಕೊಳ್ಳಲು ಹೋಗಿ ಮಹಾನುಭಾವರು ಕಲ್ಲು ಬೆಳೆಸಿಕೊಂಡಿದ್ದರು.

ಈಗ ವಿಧಿಯಿಲ್ಲ. ಗೂಟದ ನೋವು ನೆನಪಾದರೆ ಸಾಕು, ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತಿತ್ತು. ಮೊದಲ ದಿನ ಡಬ್ಬಿ ಖಾಲಿಯಾದ ಮೇಲೆ ಅವರು ಚೀಲದಿಂದ ಚೀಲಕ್ಕೆ ಸರಿದು ಕೂತರು, ಕಾಲ ಮೇಲೆ ಕಾಲು ಹಾಕಿದರು, ಕಾಲು ಬದಲಾಯಿಸಿದರು. ಕೊನೆಗೆ ಎದ್ದು ಓಣಿ ದಾಟಿದರು. ಎರಡೂ ಕಡೆಯ ಅಂಗಡಿಗಳಲ್ಲಿ ತಕ್ಕಡಿಗಳು ನಿಂತವು.

“ಬರ್ರಿ ಬರ್ರಿ, ಶಾಂತಪ್ಪಣ್ಣ,” ವೈಜನಾಥ ಗಾದಿಯಲ್ಲಿ ಸರಿದು ಜಾಗ ಮಾಡಿದ. “ಅಪರೂಪಕ್ಕ ಬಂದೀರಿ. ಬ್ಯಾಳಿ ಭಾವ ಕೇಳಾಕ ಬಂದ್ರೇನು?”

“ಭಾವ ಅಲ್ಲ. ಕೀಲಿಕೈ.”

“ಯಾವ ಕೀಲಿಕೈ?”

ಅವನಿಗೆ ಗೊತ್ತಿತ್ತು. ಬೇಕೆಂದೇ ಕೇಳಿದ. ಶಾಂತಪ್ಪನವರು ಗಲ್ಲಾದ ಕಡೆ ನೋಡಿ, ಆಕಾಶದ ಕಡೆ ನೋಡಿ, ಮೊಳೆಯ ಕಡೆ ಗಲ್ಲ ಎತ್ತಿ ತೋರಿಸಿದರು. ವೈಜನಾಥ ಎದ್ದು ನಿಂತು, ಎರಡೂ ಕೈಯಲ್ಲಿ, ಹರಿವಾಣದ ಮೇಲೆ ತಾಂಬೂಲ ಕೊಡುವ ಗೌರವದಿಂದ ಕೀಲಿಕೈ ಕೊಟ್ಟ. ಅದಕ್ಕಿಂತ ಅವನು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಗಂಟೆ ಕಳೆಯುವುದರೊಳಗೆ ಮತ್ತೆ ಕೀಲಿಕೈ. ಊಟಕ್ಕೆ ಮೊದಲು ಕೀಲಿಕೈ, ಊಟವಾದ ಮೇಲೆ ಕೀಲಿಕೈ. ವಾರ ಕಳೆಯುವುದರಲ್ಲಿ ಬಜಾರು ತೀರ್ಮಾನಕ್ಕೆ ಬಂತು: ಶಾಂತಪ್ಪ ಸಾವುಕಾರರಿಗೆ ಸಕ್ಕರೆ ಕಾಯಿಲೆ. ಹಾಗೆ ನೀರು ಕುಡಿಯುವುದು, ಹಾಗೆ ಓಡುವುದು, ಮತ್ತೇನಿರುತ್ತದೆ? ಮೆಣಸಿನಕಾಯಿ ಅಂಗಡಿಯವರು ಹಾಗಲಕಾಯಿ ಕಳಿಸಿದರು. ಬೆಲ್ಲದವರು ಸಹಾನುಭೂತಿ ಕಳಿಸಿದರು. ಹೊಸ ಅಂಗಡಿಯೊಂದರ ಪೂಜೆಯಲ್ಲಿ ಎಲ್ಲರಿಗೂ ಜಿಲೇಬಿ ಕೊಟ್ಟು ಶಾಂತಪ್ಪನವರಿಗೆ ಮಾತ್ರ ತೆಂಗಿನಕಾಯಿ ಚೂರು ಕೊಟ್ಟರು. ಶಾಂತಪ್ಪನವರು ನಿಟ್ಟುಸಿರು ಬಿಟ್ಟು ಚೂರು ತಿಂದರು. ಸಕ್ಕರೆ ಕಾಯಿಲೆ ಎಂದರೆ ಎಷ್ಟಾದರೂ ದೊಡ್ಡ ಮನುಷ್ಯರ ಕಾಯಿಲೆ. ಬೇಳೆಗೂ ಅದಕ್ಕೂ ಸಂಬಂಧವಿಲ್ಲ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಜಾಳಿಗಿಯದೊಂದು ತೊಡಕಿತ್ತು. ಶಿವದೇವಿ ಹೊಸದೊಂದು ಚಹಾ ಸೋಸುವ ಜಾಳಿಗಿ ತಂದು, ಹಿಡಿಕೆಗೆ ಗುರುತಿನ ಕೆಂಪು ದಾರ ಕಟ್ಟಿ (ಅಡುಗೆಮನೆಯದರ ಜೊತೆ ಕಲೆಯಬಾರದಲ್ಲ) ಗಂಡನ ಕೋಟಿನ ಜೇಬಿಗೆ ಹಾಕಿ ಕಳಿಸುತ್ತಿದ್ದರು. ಜೀವಮಾನವೆಲ್ಲ ತೊಗರಿಬೇಳೆಗೆ ಜರಡಿ ಹಿಡಿದ ಮನುಷ್ಯ ಈಗ ವೈರಿಯ ಗುದಾಮಿನ ಕತ್ತಲಲ್ಲಿ ನಿಂತು ತನಗೇ ಜರಡಿ ಹಿಡಿದುಕೊಳ್ಳುತ್ತಿದ್ದ. ಯಾವ ಜನ್ಮದ ಲೆಕ್ಕವೋ ಎಂದು ಅವರಿಗೆ ಎಷ್ಟೋ ಸಲ ಅನ್ನಿಸಿ ಕಣ್ಣು ಒದ್ದೆಯಾದದ್ದುಂಟು.

ಕಲ್ಲು ಬಿದ್ದದ್ದು ಸರಿಯಾಗಿ ಮಂದಾಕಿನಿ ಬಾಯಿಯವರು ಬರುವ ದಿನ. ಬೆಳಿಗ್ಗೆಯೇ ನರಸಿಂಹನಿಂದ ಅಂಗಡಿ ಗುಡಿಸಿ, ತೊಗರಿಬೇಳೆ ಒಂದು ಪೊಟ್ಟಣ, ಕಡಲೆಬೇಳೆ ಒಂದು ಪೊಟ್ಟಣ, ನಮೂನೆ ಕಟ್ಟಿ ತಟ್ಟೆಯಲ್ಲಿಟ್ಟು ಶಾಂತಪ್ಪನವರು ಓಣಿ ದಾಟಿದರು. ಒಳಗೆ ಸಣ್ಣ ಉರಿ, ಆಮೇಲೆ ಜಾಳಿಗಿಯಲ್ಲಿ ‘ಟಿಣ್’ ಎಂದು ಒಂದು ಸದ್ದು. ಜೋಳದ ಕಾಳಿಗಿಂತ ಚಿಕ್ಕದು, ಕಂದು ಬಣ್ಣ, ಮೈತುಂಬ ಮುಳ್ಳು. ಇಷ್ಟೇ ಇಷ್ಟು ಪ್ರಾಣಿ ಅಷ್ಟು ದೊಡ್ಡ ಸಾವುಕಾರನನ್ನು ಹೆಸರುಬೇಳೆ ಮೇಲೆ ಉರುಳಾಡಿಸಿತೇ ಎಂದು ಅವರಿಗೆ ಆಶ್ಚರ್ಯವಾಯಿತು. ತೊಳೆದು, ಕೈಯಲ್ಲಿ ಮುಚ್ಚಿಕೊಂಡು, ಮದುಮಗನ ಹಾಗೆ ಹಗುರವಾಗಿ ನಡೆದು ಬಂದರು.

ಗಾದಿಯ ಮೇಲೆ ಕೂತ ಮೇಲೆ ಅದನ್ನು ಎಲ್ಲಿಡುವುದು? ಬೇಳೆ ವ್ಯಾಪಾರಿಯ ಕೈಗೆ ಒಂದೇ ಅಭ್ಯಾಸ. ಸಣ್ಣದು ಏನು ಸಿಕ್ಕರೂ ಅಂಗಡಿಯ ಹೆಸರಿನ ಸಿಕ್ಕಾ ಹೊಡೆದ ಕಾಗದದಲ್ಲಿ ಹಾಕಿ, ಎರಡು ಮಡಿಕೆ ಮಡಿಸಿ, ತುದಿ ತಿರುವಿ ತಟ್ಟೆಯಲ್ಲಿಡುವುದು. ಮನಸ್ಸು ಡಾಕ್ಟರ ಕಡೆ ಓಡುತ್ತಿದ್ದರೆ ಕೈ ತನ್ನ ಪಾಡಿಗೆ ಅಷ್ಟನ್ನೂ ಮಾಡಿ ಮುಗಿಸಿತು.

“ಅಮ್ಮಗಾರು ವಚ್ಚಾರು ಸೇಟ್,” ಎಂದು ಬಾಯಿಯವರು ಬಂದದ್ದನ್ನು ಸಾರಿದ ನರಸಿಂಹ.

ಮಂದಾಕಿನಿ ಬಾಯಿಯವರು ಧಾರವಾಡದ ಹೆಣ್ಣುಮಗಳು. ಜರಿಯಂಚಿನ ಇಳಕಲ್ ಸೀರೆ, ಕೈಯಲ್ಲಿ ಛತ್ರಿ, ಮುಖದಲ್ಲಿ ಕಳೆದ ಯುಗಾದಿಯ ಹಲ್ಲಿನ ನೆನಪು. ಶಾಂತಪ್ಪನವರು ಕೈಮುಗಿದು ತಟ್ಟೆ ಮುಂದೆ ಮಾಡಿದರು. ಬಾಯಿಯವರು ಮೊದಲ ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡು, ಬೆರಳಾಡಿಸಿ, ತಲೆಯಾಡಿಸಿದರು. ಎರಡನೆಯದನ್ನೂ ನೋಡಿ ತಲೆಯಾಡಿಸಿದರು.

“ಇನ್ನೊಂದು ಐತಲ್ರಿ, ಬಾಯಾರ, ಅದನ್ನೂ ನೋಡ್ರಿ,” ಎಂದು ಶಾಂತಪ್ಪನವರು ಹುಮ್ಮಸ್ಸಿನಲ್ಲಿ ಮೂರನೆಯದನ್ನು ತಮ್ಮ ಕೈಯಾರೆ ಎತ್ತಿ ಕೊಟ್ಟರು. “ಹುಡುಕಿದ್ರೂ ಕಲ್ಲು ಸಿಗಂಗಿಲ್ಲ.”

ಬಾಯಿಯವರು ಬಿಚ್ಚಿದರು. ಅಂಗೈಗೆ ಸುರಿದರು. ಕನ್ನಡಕ ಏರಿಸಿದರು.

“ಶಾಂತಪ್ಪನವರ, ಹುಡುಕೋದೇನು ಬಂತು. ಇದರಾಗ ಬ್ಯಾಳೀನ ಇಲ್ಲ, ಬರೇ ಕಲ್ಲ ಅದ.”

ಶಾಂತಪ್ಪನವರು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. “ಅದು... ಅದು ನಮ್ಮ ಅಂಗಡೀದಲ್ರಿ.”

“ಸಿಕ್ಕಾ ನಿಮ್ಮದ ಅದ.”

“ಹಾಳಿ ನಮ್ದು. ಮಾಲು ನಮ್ದಲ್ಲ. ಯಾರೋ ಚೇಷ್ಟಿ ಮಾಡ್ಯಾರ.”

ಅಷ್ಟರಲ್ಲಿ ಎದುರಿನಿಂದ ವೈಜನಾಥ ಇಳಿದು ಬಂದಿದ್ದ. ಅವನ ಹಿಂದೆ ಅವನ ಗಿರಾಕಿಗಳು. “ಹೋಗ್ಲಿ, ನನಗ್ಯಾಕ ಬೇಕು ಇದು,” ಎಂದು ಬಾಯಿಯವರು ಅಂಗೈಯನ್ನು ಚರಂಡಿಯ ಕಡೆ ಓರೆ ಮಾಡಿದರು.

ಆ ಒಂದು ಗಳಿಗೆ ಶಾಂತಪ್ಪನವರು ಸುಮ್ಮನಿದ್ದಿದ್ದರೆ ಕಲ್ಲು ಚರಂಡಿ ಸೇರುತ್ತಿತ್ತು, ಮಾನ ಗಾದಿಯ ಮೇಲೆ ಉಳಿಯುತ್ತಿತ್ತು. ಚೇಷ್ಟೆ ಮಾಡಿದವನು ವೈಜನಾಥ ಎಂದು ಕಣ್ಣಲ್ಲೇ ಸೂಚಿಸುವುದಕ್ಕೂ ಅವಕಾಶವಿತ್ತು. ಆದರೆ ಬೆನ್ನಿಗೆ ಆ ನೋವಿನದೇ ನೆನಪು. ಎಡಗಡೆ ಒಂದು ಮಲಗೇತಿ ಎಂಬ ಮಾತು, ಅಂದು ಕಿವಿಗೆ ಹಾಕಿಕೊಳ್ಳದ ಮಾತು, ಈಗ ಎಡಗಿವಿಯಲ್ಲೇ ಕೇಳಿಸಿತು. ಯಾವ ಜಾತಿ ಕಲ್ಲೆಂದು ತಿಳಿಯದೆ ಅದು ಎದ್ದು ಕೂತರೆ? ಮತ್ತೆ ಆ ಗೂಟ?

“ಒಗೀಬ್ಯಾಡ್ರಿ, ಬಾಯಾರ,” ಶಾಂತಪ್ಪನವರು ಗಾದಿಯಿಂದ ಜಿಗಿದು ಅವರ ಅಂಗೈಯ ಕೆಳಗೆ ತಮ್ಮ ಎರಡೂ ಕೈ ಒಡ್ಡಿದರು. “ಅದು ನಂದು.”

“ನಿಮ್ಮದಂದ್ರ?”

“ನಂದಂದ್ರ ನಂದ. ಈಗ ತಾನ ಬಿತ್ತು. ಕಿಡ್ನೀದು.” ಬಾಯಿಯವರ ಮುಖ ನೋಡಿ ಅವಸರದಿಂದ ಸೇರಿಸಿದರು: “ತೊಳದೀನ್ರಿ.”

ಬಾಯಿಯವರು ಕೈಯನ್ನು ಮೈಯಿಂದ ಎಷ್ಟು ದೂರ ಚಾಚಬಹುದೋ ಅಷ್ಟು ದೂರ ಚಾಚಿ ನಿಂತರು. ಕಲ್ಲನ್ನು ಕಾಗದಕ್ಕೆ ಉರುಳಿಸಿ, ಪೊಟ್ಟಣವನ್ನು ಮಾತ್ರ ಬಿಡದೆ, ನರಸಿಂಹನಿಂದ ಒಂದು ಕೊಡ ನೀರು ಹಾಕಿಸಿಕೊಂಡು ಕೈ ತೊಳೆದರು. ಆಮೇಲೆ ಅವರಿಗೆ ನೆನಪಾಯಿತು.

“ಕಲ್ಲಿನ ಬ್ಯಾಳಿ ತಿಂದ್ರ ಕಿಡ್ನ್ಯಾಗ ಕಲ್ಲು ಕೂಡ್ತದ ಅಂತ ಹೇಳಿದವರು ನೀವ ಅಲ್ಲೇನ್ರಿ? ನೀವು ಯಾರ ಅಂಗಡಿ ಬ್ಯಾಳಿ ತಿಂತೀರಿ?”

ಶಾಂತಪ್ಪನವರು ತಲೆ ತಗ್ಗಿಸಿದರು. ವೈಜನಾಥ ಗಂಟಲು ಸರಿ ಮಾಡಿಕೊಂಡ. ಬಂತು ಇವನ ಸರದಿ ಎಂದು ಶಾಂತಪ್ಪನವರು ಕಣ್ಣು ಮುಚ್ಚಿದರು.

“ಬಾಯಾರ, ತಪ್ಪು ಬ್ಯಾಳೀದಲ್ರಿ, ನೀರಿಂದು. ಇಡೀ ದಿನ ಗಾದಿ ಬಿಟ್ಟು ಏಳದಂಗ, ನೀರು ಕುಡೀದಂಗ ಕೂತ್ರ ಯಾರಿಗರ ಬರ್ತೈತಿ. ನನಗೂ ಬಂದಿತ್ತು. ಇಲ್ಲಂದ್ರ ಗುದಾಮಿನ್ಯಾಗ ಸಂಡಾಸ ಕಟ್ಟಿಸಾಕ ನನಗೇನು ಹುಚ್ಚೇನು? ಇವರು ನನ್ನ ಬ್ಯಾಳಿ ಮ್ಯಾಲೆ ಹಾಕ್ತಾರಂತ ಹೆದರಿ ಯಾರಿಗೂ ಹೇಳಲಿಲ್ಲ, ಅಷ್ಟ. ಶಾಂತಪ್ಪಣ್ಣ ಕೀಲಿಕೈ ಕೇಳಿದ ದಿನಾನ ನನಗ ಗೊತ್ತಾತು, ಸಕ್ಕರಿ ಅಲ್ಲ ಇದು ಅಂತ.”

ಗೊತ್ತಿದ್ದೂ ಸುಮ್ಮನಿದ್ದ. ಶಾಂತಪ್ಪನವರಿಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಹಾರಿಸಿದ ಹುಬ್ಬು ಭಾರವಾಗಿ ಕೆಳಗೆ ಬಂತು. “ತಪ್ಪಾತ್ರಿ, ವೈಜನಾಥಣ್ಣ,” ಎಂದರು. (ನಾವೂ ಇನ್ನು ಮೇಲೆ ವೈಜನಾಥರು ಎನ್ನೋಣ.)

“ಅದೆಲ್ಲಾ ಖರೇ,” ಎಂದರು ಮಂದಾಕಿನಿ ಬಾಯಿ. “ಬ್ಯಾಳಿ ಚಲೋ ಅದ, ಊಟಕ್ಕ ಬೇಕಾದಷ್ಟೂ ಇಲ್ಲಿಂದನ ಒಯ್ತೀನಿ. ಆದರ ಪೊಟ್ಟಣ ನಿಮ್ಮದು, ಸಿಕ್ಕಾ ನಿಮ್ಮದು, ಕೈಯಾರೆ ಕೊಟ್ಟವರೂ ನೀವು. ಅದರಾಗ ಕಲ್ಲು ಬಂದದ. ಬೋರ್ಡಿನ್ಯಾಗ ಏನು ಬರದದ?”

ಎಲ್ಲರ ತಲೆ ಮೇಲಕ್ಕೆ ಹೋಯಿತು. ಕನ್ನಡದ ಸಾಲನ್ನು ವೈಜನಾಥರು ಗಟ್ಟಿಯಾಗಿ ಓದಿದರು. ತೆಲುಗಿನ ಸಾಲನ್ನು ನರಸಿಂಹ, ಕೂಲಿ ಕೊಡುವ ಧಣಿಯೆಂಬ ದಾಕ್ಷಿಣ್ಯವಿಲ್ಲದೆ, ಓದಿದ.

“ಮೊದಲು ಒಂದು ಪುಕ್ಕಟೆ ಚೀಲ ಗಾಡಿಗೆ ಏರಸ್ರಿ,” ಬಾಯಿಯವರು ಪೊಟ್ಟಣವನ್ನು ಛತ್ರಿಯ ಹಿಡಿಕೆಗೆ ಒತ್ತಿ ಹಿಡಿದರು. “ಆಮ್ಯಾಲೆ ನಿಮ್ಮ ಕಲ್ಲು ನಿಮಗ.”

ಚೀಲ ಏರಿತು. ಕಲ್ಲು ಕೈ ಸೇರಿತು. ಗಾಡಿ ಓಣಿಯ ತಿರುವು ದಾಟುವ ಹೊತ್ತಿಗೆ ಶಿವದೇವಿ ಊಟದ ಡಬ್ಬಿ, ಬಾರ್ಲಿ ನೀರು ಹಿಡಿದು ಬಂದರು. ನರಸಿಂಹ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಒಂದಕ್ಷರ ಬಿಡದೆ ಕಥೆ ಹೇಳಿದ. ಶಿವದೇವಿ ಪೂರ್ತಿ ಕೇಳಿಸಿಕೊಂಡು, ಪೊಟ್ಟಣ ಬಿಚ್ಚಿ ನೋಡಿ, ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡರು. ಗಂಡನ ಮುಂದೆ ಲೋಟ ಇಟ್ಟು ತುಂಬಿಸಿದರು.

“ಹ್ವಾದದ್ದು ಹ್ವಾತು, ಬಿಡು,” ಎಂದರು ಶಾಂತಪ್ಪನವರು. “ಜೀವ ಹಗುರಾತು.”

“ಎಡಗಡೀದು ಇನ್ನಾ ಒಳಗ ಐತ್ರಿ. ಅದನ್ನರ ಮನ್ಯಾಗ ತೆಗೀರಿ. ಅಂಗಡ್ಯಾಗ ತೆಗದ್ರ ಕಲ್ಲಿಗೊಂದು ಚೀಲ ಕೊಡಾಕ ನಮಗ ಪರವಡಂಗಿಲ್ಲ.”

ಶಾಂತಪ್ಪನವರು ಲೋಟ ಬರಿದು ಮಾಡಿದರು. ಇನ್ನೊಂದು ತುಂಬಿಸಿಕೊಂಡು ಅದನ್ನೂ ಕುಡಿದರು. ಬೋರ್ಡು ಇಳಿಸಲು ನರಸಿಂಹನಿಗೆ ಏಣಿ ತರಹೇಳಿ, ಎದ್ದು, ಓಣಿ ದಾಟಿ ಕೀಲಿಕೈ ಕೇಳಲು ಹೋದರು.